‘ಇದ್ದಾರೆ’ ಎಂದು ಬರೆದ ಮನೆಗಳು

ಲಿಖಿತಾ, ಧನುಷ್, ಈ ವಿಷಯವನ್ನು ನಿಮಗೆ ಬಾಯಲ್ಲೇ ಹೇಳಬೇಕೆಂದು ಎರಡು ಸಲ ಕೂತಿದ್ದೆ. ನೀವಿಬ್ಬರೂ ಮುಖ ನೋಡಿದ ಕೂಡಲೇ ನನಗೆ ಮಾತು ನಿಂತುಹೋಯಿತು. ನಿಮ್ಮಜ್ಜಿ ಎಂಥವಳೆಂದು ನಿಮಗೆ ಗೊತ್ತಲ್ಲ. ಇಳಿಯುವ ಸ್ಟಾಪು ಬಂದರೂ ಕಂಡಕ್ಟರನ್ನು ಕೂಗಲು ನಾಚಿಕೊಂಡು, ಮುಂದಿನ ಸ್ಟಾಪಿನಲ್ಲಿಳಿದು ಹಿಂದಕ್ಕೆ ನಡೆದು ಬರುವವಳು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಊರ ಶಾಲೆಯಲ್ಲಿ, ಹತ್ತನೆಯವರೆಗೆ. ಅಕ್ಷರ ದುಂಡಗಿಲ್ಲದಿದ್ದರೆ ಸಹಿಸಿಕೊಳ್ಳಿ.

ಧನುಷ್, ಆಸ್ಪತ್ರೆಯಲ್ಲಿ ಏನು ಕೆಲಸ ಮಾಡ್ತೀಯ ಅಂತ ನೀನು ಒಮ್ಮೆ ಕೇಳಿದ್ದೆ. ಜನ ಬದುಕಿದ್ದಾರಾ ಇಲ್ಲವಾ ಅಂತ ವಿಚಾರಿಸ್ತೀನಿ ಕಣೋ ಅಂದಿದ್ದೆ. ನೀನು ನಕ್ಕುಬಿಟ್ಟೆ. ನಿಜವಾಗಿಯೂ ಅದೇ ನನ್ನ ಕೆಲಸ. ನಮ್ಮಲ್ಲಿ ಬಾಯಿ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡವರು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಹಳ್ಳಿಯಲ್ಲೂ ಇದ್ದಾರೆ. ಕಡ್ಡಿಪುಡಿ, ಎಲೆಅಡಿಕೆ ದವಡೆಗೆ ಒತ್ತಿಕೊಂಡು ವರ್ಷಗಟ್ಟಲೆ ಹೊಲದಲ್ಲಿ ದುಡಿದವರು. ಮೂರು ತಿಂಗಳಿಗೊಮ್ಮೆ ಒಬ್ಬೊಬ್ಬರ ವಿಷಯವನ್ನೂ ತಿಳಿದುಕೊಂಡು ಟ್ಯಾಬಿನಲ್ಲಿ ತುಂಬಬೇಕು. ಅದರಲ್ಲಿ ಒತ್ತಲು ಮೂರೇ ಮಾತು ಇರುತ್ತವೆ: ಇದ್ದಾರೆ, ತೀರಿಕೊಂಡಿದ್ದಾರೆ, ಸಂಪರ್ಕ ಸಿಗಲಿಲ್ಲ. ಪಕ್ಕದಲ್ಲಿ ತಾರೀಖು. ಕನ್ನಡ ತೆಲುಗು ಎರಡೂ ಬರುತ್ತವೆ, ಹಳ್ಳಿಯ ದಾರಿಗಳು ಗೊತ್ತು ಎಂದು ನನ್ನನ್ನು ಇಟ್ಟುಕೊಂಡಿದ್ದರು.

ಆ ಮೂರು ಮಾತು ಎಲ್ಲಿಗೆ ಹೋಗುತ್ತವೆ ಎಂದು ನನಗೆ ಬಹಳ ದಿನ ಗೊತ್ತಿರಲಿಲ್ಲ. ಬೆಂಗಳೂರಿನ ಒಂದು ಸಂಶೋಧನಾ ಕೇಂದ್ರದಿಂದ ಚಿಕ್ಕ ವಯಸ್ಸಿನ ಒಬ್ಬರು ಬರುತ್ತಿದ್ದರು. ನಾವೆಲ್ಲ ಕಂಪ್ಯೂಟರ್ ಮೇಡಂ ಎನ್ನುತ್ತಿದ್ದೆವು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವರೇ ನನಗೆ ಬಿಡಿಸಿ ಹೇಳಿದರು. ಆಪರೇಷನ್ ಮಾಡುವಾಗ ಗಡ್ಡೆಯ ಒಂದು ಚೂರನ್ನು, ಕಡಲೆಕಾಳಿನಷ್ಟು, ತಣ್ಣನೆಯ ದ್ರಾವಣದಲ್ಲಿ ಹಾಕಿ ಐಸ್ ಪೆಟ್ಟಿಗೆಯಲ್ಲಿ ಬೆಂಗಳೂರಿಗೆ ಕಳಿಸುತ್ತಾರೆ. ಅಲ್ಲಿ ಅದನ್ನು ಕರಗಿಸಿ ಜೀವಕೋಶಗಳನ್ನು ಬಿಡಿಬಿಡಿ ಮಾಡುತ್ತಾರೆ. ಎಣ್ಣೆಯಲ್ಲಿ ತೇಲುವ ಒಂದೊಂದು ನೀರಿನ ಹನಿಯೊಳಗೆ ಒಂದೊಂದು ಕೋಶ ಸೇರುತ್ತದೆ, ಹನಿಗೊಂದು ಗುರುತು ಬೀಳುತ್ತದೆ. ಆ ಕೋಶದೊಳಗೆ ಯಾವ ಜೀನು ಕೆಲಸ ಮಾಡುತ್ತಿದೆ, ಯಾವುದು ಸುಮ್ಮನಿದೆ ಎಂದು ಯಂತ್ರ ಓದುತ್ತದೆ. ಒಬ್ಬ ರೋಗಿಯ ಚೂರಿನಲ್ಲಿ ಸಾವಿರಾರು ಕೋಶ. ಕೆಲವು ಕ್ಯಾನ್ಸರಿನವು, ಕೆಲವು ಅದರ ಜೊತೆ ಹೋರಾಡುವ ಕಾವಲಿನವು.

“ನಿಮ್ಮನೇಲಿ ರೇಷ್ಮೆ ಸಾಕ್ತಿದ್ರಂತಲ್ಲಮ್ಮ. ಮಾರ್ಕೆಟ್ಟಲ್ಲಿ ಒಂದು ಹಿಡಿ ಗೂಡು ನೋಡಿ ಇಡೀ ಲಾಟಿಗೆ ಬೆಲೆ ಕಟ್ಟಲ್ವಾ? ಮೊದಲು ನಾವೂ ಗಡ್ಡೆನ ಹಾಗೇ ನೋಡ್ತಿದ್ವಿ. ಈಗ ಒಂದೊಂದು ಗೂಡನ್ನೂ ಬಿಚ್ಚಿ ನೋಡ್ತೀವಿ” ಎಂದರು.

ಯಾರ ಗಡ್ಡೆಯಲ್ಲಿ ಯಾವ ಕೋಶ ಎಷ್ಟಿತ್ತು ಎಂಬುದನ್ನು ಒಂದು ಕಡೆ, ಅವರು ಆಪರೇಷನ್ ಆದಮೇಲೆ ಎಷ್ಟು ದಿನ ಬದುಕಿದರು ಎಂಬುದನ್ನು ಇನ್ನೊಂದು ಕಡೆ ಇಟ್ಟು ಕಂಪ್ಯೂಟರಿಗೆ ಕಲಿಸುತ್ತಾರೆ. ಕಲಿತಮೇಲೆ ಹೊಸ ರೋಗಿಯ ಕೋಶಗಳನ್ನು ತೋರಿಸಿದರೆ, ಇವರು ಬದುಕಿ ಉಳಿಯುವ ಸಂಭವ ಎಷ್ಟು ಎಂದು ಅದು ಅಂದಾಜು ಹೇಳುತ್ತದೆ.

“ಕೋಶ ಓದೋಕೆ ನಮಗೆ ದೊಡ್ಡ ಯಂತ್ರ ಇದೆ. ಬದುಕಿದಾರಾ ಅಂತ ಹೇಳೋಕೆ ಇರೋದು ನೀವೊಬ್ರೇ” ಎಂದರು ಮೇಡಂ. ಆ ದಿನ ಮನೆಗೆ ಬರುವಾಗ ನನಗೆ ಬಹಳ ಹೆಮ್ಮೆಯಾಗಿತ್ತು.

ಮೊದಲೆಲ್ಲ ನಾನು ಮನೆಮನೆಗೆ ಹೋಗಿ ವಿಚಾರಿಸುತ್ತಿದ್ದೆ. ಪಟ್ಟಿ ಉದ್ದವಾದಮೇಲೆ ಕೈಗೊಂದು ಫೋನು ಕೊಟ್ಟು, ಸಾಧ್ಯವಾದಷ್ಟು ಇದರಲ್ಲೇ ಮುಗಿಸಿ ಎಂದರು. ಹಗಲು ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ. ಟೊಮೇಟೊ ಕೊಯ್ಲು, ಹಿಪ್ಪುನೇರಳೆ ಸೊಪ್ಪು, ದನ, ಹೀಗೆ ಎಲ್ಲರೂ ಹೊರಗಿರುತ್ತಿದ್ದರು. ಇನ್ನೊಂದು ಕಾರಣವೂ ಇತ್ತು. ನಾನು ಕೂರುವ ಕೋಣೆಯಲ್ಲಿ ಮೂವರು ನರ್ಸಮ್ಮಂದಿರು ಇರುತ್ತಿದ್ದರು. ಅವರ ಮುಂದೆ ಫೋನಿನಲ್ಲಿ ಮಾತಾಡಲು ನನಗೆ ಮೈ ಬೆವರುತ್ತಿತ್ತು. ಫೋನನ್ನೂ ಟ್ಯಾಬನ್ನೂ ಮನೆಗೆ ತೆಗೆದುಕೊಂಡು ಹೋಗಲಾ ಎಂದು ಕೇಳಿದೆ. ಆಗಲಿ ಎಂದರು.

ಸಂಜೆ ಡೈರಿಗೆ ಹಾಲು ಹಾಕಿ ಜನ ಮನೆ ಸೇರುತ್ತಾರೆ. ನಾನೂ ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ, ಪಟ್ಟಿ ಹಿಡಿದು ಜಗಲಿಯ ಮೇಲೆ ಕೂರುತ್ತಿದ್ದೆ. ಮಾಡಿದ ಫೋನನ್ನೆಲ್ಲ ಎತ್ತುತ್ತಿದ್ದರು. ನಿಮ್ಮ ಯಜಮಾನರು ಹೇಗಿದ್ದಾರಮ್ಮ ಎಂದು ಕೇಳಿದರೆ “ಇದ್ದಾರಮ್ಮ, ಇದ್ದಾರೆ” ಎನ್ನುವರು. ಮುಳಬಾಗಿಲಿನ ಕಡೆಯವರಾದರೆ ತೆಲುಗಿನಲ್ಲಿ “ಬಾಗುಂಡಾರಮ್ಮಾ” ಎನ್ನುವರು, ಚೆನ್ನಾಗಿದ್ದಾರೆ ಎಂದು. ಅಷ್ಟು ಹೇಳಿ ಇಟ್ಟುಬಿಡುವರು. ಎರಡನೆಯ ಪ್ರಶ್ನೆ ಕೇಳುವ ಧೈರ್ಯ ನನಗೂ ಇರಲಿಲ್ಲ. ಇದ್ದಾರೆ ಎಂದು ಒತ್ತಿ ಮುಂದಿನ ನಂಬರಿಗೆ ಹೋಗುತ್ತಿದ್ದೆ. ‘ಸಂಪರ್ಕ ಸಿಗಲಿಲ್ಲ’ ಎಂಬುದನ್ನು ಒತ್ತುವುದೇ ನಿಂತುಹೋಯಿತು. ಆಪರೇಷನ್ ಮಾಡುವ ದೊಡ್ಡ ಡಾಕ್ಟರು ಎಲ್ಲರೆದುರು, “ಈ ಸಲ ಒಬ್ಬರೂ ಕೈ ತಪ್ಪಿಲ್ಲ, ಇವರನ್ನ ನೋಡಿ ಕಲೀರಿ” ಎಂದರು. ಅಂದು ನಾನು ತಲೆ ಎತ್ತಲಿಲ್ಲ.

ಹೀಗೆ ಒಂದು ವರ್ಷಕ್ಕೂ ಹೆಚ್ಚು ನಡೆಯಿತು. ಆಮೇಲೆ ಒಂದು ದಿನ ಕಂಪ್ಯೂಟರ್ ಮೇಡಂ ಲ್ಯಾಪ್‌ಟಾಪು ಹಿಡಿದು ಬಹಳ ಖುಷಿಯಾಗಿ ಬಂದರು. ಅದರಲ್ಲಿ ಮೆಟ್ಟಿಲಿನಂಥ ಎರಡು ಗೆರೆಗಳಿದ್ದವು. ಶುರುವಿನಲ್ಲಿ ಎಲ್ಲರೂ ಬದುಕಿರುತ್ತಾರೆ, ಗೆರೆ ಮೇಲಿರುತ್ತದೆ. ಒಬ್ಬರು ತೀರಿಕೊಂಡಾಗ ಒಂದು ಮೆಟ್ಟಿಲು ಇಳಿಯುತ್ತದೆ. ಒಂದು ಗೆರೆ ಸರಸರನೆ ಇಳಿದಿತ್ತು. ಇನ್ನೊಂದು ಹೆಚ್ಚುಕಡಿಮೆ ಹಾಗೇ ನಿಂತಿತ್ತು. ಯಾರ ಗಡ್ಡೆಯಲ್ಲಿ ಒಂದು ಜಾತಿಯ ಕಾವಲು ಕೋಶ ಹೆಚ್ಚಾಗಿ ಸಿಕ್ಕಿತ್ತೋ ಅವರ ಗೆರೆಯಂತೆ ಅದು. ಅವರಲ್ಲಿ ಕರೆಂಟು ಕೊಡಿಸಿಕೊಳ್ಳದೆ ಹೋದವರೂ ಉಳಿದಿದ್ದಾರೆ ಎಂದೇ ಪಟ್ಟಿಯಲ್ಲಿತ್ತು. ಅಂಥವರಿಗೆ ಆಪರೇಷನ್ ಆದಮೇಲೆ ಕರೆಂಟು ಕೊಡುವ ಅಗತ್ಯವೇ ಇಲ್ಲವೇನೋ ಎಂಬ ಮಾತು ಎದ್ದಿತು. ಕರೆಂಟು ಎಂದರೆ ನಮ್ಮ ಜನ ರೇಡಿಯೇಷನ್ನಿಗೆ ಇಟ್ಟ ಹೆಸರು. ಅದರಿಂದ ಬಾಯೆಲ್ಲ ಹುಣ್ಣಾಗಿ, ಉಗುಳು ಒಣಗಿ, ಊಟ ಸೇರದೆ ಜನ ಒದ್ದಾಡುವುದನ್ನು ದೊಡ್ಡ ಡಾಕ್ಟರು ದಿನಾ ನೋಡುವವರು. ಬೇಡದವರಿಗೆ ಅದನ್ನು ತಪ್ಪಿಸಬೇಕೆಂದು ಅವರಿಗೆ ನಿಜವಾಗಿಯೂ ಆಸೆಯಿತ್ತು. ಒಪ್ಪಿದ ರೋಗಿಗಳಲ್ಲಿ ಕರೆಂಟು ಬಿಟ್ಟು ನೋಡಲು ಮೇಲಿನ ಸಮಿತಿಯಿಂದ ಒಪ್ಪಿಗೆಯೂ ಬಂತು.

ಮೊದಲು ಒಪ್ಪಿಗೆಯ ಹಾಳೆಗೆ ಸಹಿ ಹಾಕಬೇಕಾಗಿದ್ದವಳು ಸುಗಟೂರಿನ ಹೆಂಗಸು. ನಲವತ್ತು ದಾಟಿರಲಿಲ್ಲ. ಕೆನ್ನೆಯ ಒಳಗಿನ ಗಡ್ಡೆ ತೆಗೆದು ನಾಲ್ಕು ವಾರವಾಗಿತ್ತು. ಕಂಪ್ಯೂಟರು ಅವಳಿಗೆ ಅಪಾಯ ಕಡಿಮೆ ಎಂದಿತ್ತು. ಗುರುವಾರ ಬಂದು ಸಹಿ ಹಾಕು ಎಂದು ಅವಳಿಗೆ ಹೇಳಿದ್ದರು. ಅದಕ್ಕೆ ಒಂದು ವಾರ ಮುಂಚೆ ಹೊಲಿಗೆ ತೋರಿಸಿಕೊಳ್ಳಲು ಬಂದವಳು ವರಾಂಡದಲ್ಲಿ ನನ್ನನ್ನು ಹಿಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡೇ ಮಾತಾಡಿದಳು. ಮಾತು ಇನ್ನೂ ತೊದಲುತ್ತಿತ್ತು.

“ಅಕ್ಕ, ನಂಗೆ ಕರೆಂಟು ಬ್ಯಾಡ ಅಂತಾವ್ರೆ. ನಿಜಾನಾ?”

“ನೀನು ಒಪ್ಪಿದ್ರೆ ಮಾತ್ರ.”

“ಒಪ್ದೆ ಏನು ಮಾಡ್ಲಿ. ಆರು ವಾರ ದಿನಾ ಬಂದು ಹೋಗೋದು ಯಾರ ಕೈಲಾಗುತ್ತೆ? ಮನೇಲಿ ಹುಳ ಮೂರನೇ ಜ್ವರಕ್ಕೆ ಕೂತೈತೆ. ಇನ್ನು ನಾಕನೇದು ಎದ್ರೆ ಸೊಪ್ಪು ಹಾಕಿ ಪೂರೈಸಾಕಿಲ್ಲ. ನಮ್ಮೆಜಮಾನ್ರಿಗೆ ಸೊಪ್ಪು ಕುಯ್ಯೋದು ಬಿಟ್ರೆ ಹುಳದ ಮುಖ ನೋಡಕ್ಕೂ ಬರಲ್ಲ.”

ರೇಷ್ಮೆಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ತಲೆಯೆತ್ತಿ ಕೂರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ, ನಿಮಗೆ ಗೊತ್ತಿರಲಿಕ್ಕಿಲ್ಲ. ನಾಲ್ಕು ಜ್ವರ ಕಳೆದರೆ ಗೂಡು ಕಟ್ಟುತ್ತದೆ.

“ಕಂಪ್ಯೂಟರು ಸುಳ್ಳು ಹೇಳಲ್ಲ ತಾನೆ?” ಎಂದಳು.

“ಇಲ್ಲಮ್ಮ. ದೊಡ್ಡದೊಡ್ಡವರು ಕೂತು ನೋಡಿದಾರೆ.”

“ದೊಡ್ಡೋರನ್ನ ಬಿಡು. ನೀನು ನೋಡಿದೀಯಾ? ಕರೆಂಟಿಲ್ದೆ ಸುಮ್ಕೆ ಉಳ್ಕಂಡೋರ್ನ?”

“ನೋಡಿದೀನಿ” ಎಂದೆ. ಅಷ್ಟೊಂದು ಜನ ಇದ್ದಾರೆ ಎಂದು ಬರೆದವಳು ನಾನೇ ಅಲ್ಲವೇ. ಅವಳು ಸಮಾಧಾನವಾಗಿ ಬಸ್ಸಿಗೆ ಹೋದಳು.

ಸಹಿಯ ವಾರ ಬಂತು. ಸೋಮವಾರ ನನ್ನನ್ನು ಮುಳಬಾಗಿಲು ತಾಲ್ಲೂಕಿಗೆ ಕಳಿಸಿದರು. ಕೆಟ್ಟ ಗಡ್ಡೆಯಿದ್ದೂ ಚೆನ್ನಾಗಿ ಬದುಕಿರುವವರ ರಕ್ತ ಪರೀಕ್ಷಿಸಬೇಕು, ಒಬ್ಬೊಬ್ಬರನ್ನೇ ಮಾತಾಡಿಸಿ ಕರೆದುಕೊಂಡು ಬನ್ನಿ ಎಂದಿದ್ದರು. ಪಟ್ಟಿಯ ಮೊದಲ ಹೆಸರಿನವರ ಊರು ದೇವರಾಯಸಮುದ್ರದ ಕೆರೆಯಾಚೆ. ಬಸ್ಸಿಳಿದು ಏರಿಯ ಮೇಲೆ ನಡೆದು ಹೋದೆ. ಬಿಸಿಲು ಏರಿರಲಿಲ್ಲ. ಅಂಗಳದಲ್ಲಿ ಆ ಮನೆಯ ಹಿರಿಯಾಕೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆಯೆತ್ತಿ ನೋಡಿದರು. ಹಣೆ ಬರಿದಾಗಿತ್ತು, ಕೈ ಬರಿದಾಗಿತ್ತು. ನನ್ನಂಥವಳು ಎರಡನೇ ಸಲ ನೋಡಬೇಕಾಗಿರಲಿಲ್ಲ.

ಬಂದ ಕೆಲಸ ಹೇಳದೆ ಪಕ್ಕದಲ್ಲಿ ಕೂತುಕೊಂಡೆ. ಸ್ವಲ್ಪ ಹೊತ್ತಾದಮೇಲೆ ಕೇಳಿದೆ. “ಯಾವಾಗಮ್ಮ?”

“ಹೋದ ಮಾವಿನಕಾಯಿ ಕಾಲ್ದಾಗೆ. ಗಂಟಲಲ್ಲಿ ಗಂಜಿ ಇಳೀಲಿಲ್ಲ.”

“ಆಮೇಲೆ ನಾನು ಆಸ್ಪತ್ರೆಯಿಂದ ಫೋನು ಮಾಡಿದ್ದೆ.”

“ನಮ್ ಸೊಸೆ ಎತ್ತಿದ್ಲು.”

ಸೊಸೆ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. “ಅದು ನೀವೇನಾ? ಮೂರು ಸಲಾನೂ ದೀಪ ಹಚ್ಚೋ ಹೊತ್ತಿಗೇ ಮಾಡಿದ್ರಿ. ಆಗ ತಾನೆ ಹಚ್ಚಿ ಕೈ ಮುಗೀತಾ ಇರ್ತೀನಿ. ಆ ಹೊತ್ತಲ್ಲಿ ತೀರ್ಕೊಂಡ್ರು ಅಂತ ಹೆಂಗೆ ಬಾಯಲ್ಲಿ ತರೋದಮ್ಮ? ನಿಮ್ಮನೇಲಿ ಹೇಳ್ತೀರಾ?”

“ಇಲ್ಲ” ಎಂದೆ.

“ಮತ್ತೆ? ಈ ಆಸ್ಪತ್ರೆಯೋರಿಗೆ ಬೇರೆ ಹೊತ್ತೇ ಸಿಗಲ್ವಾ ಅಂತ ನಮ್ಮನೆಯೋರು ಬೈದ್ರು. ಬೆಳಿಗ್ಗೆ ಮಾಡ್ತಾರೆ, ಆಗ ಹೇಳಾಣ ಅಂತ ಸುಮ್ಕಾದೆ. ನೀವು ಮಾಡ್ಲೇ ಇಲ್ಲ.”

ಅವಳು ಒಳಗೆ ಹೋಗಿ ಕಾಫಿ ತಂದುಕೊಟ್ಟಳು. ಲೋಟ ಹಿಡಿದುಕೊಂಡು ಕೂತೇ ಇದ್ದೆ. ಲಿಖಿತಾ, ನಿಮ್ಮ ತಾತ ಹೋದ ಹೊಸದರಲ್ಲಿ ಒಂದು ಸಂಜೆ ಯಾರೋ ಅವರನ್ನು ಕೇಳಿಕೊಂಡು ಬಾಗಿಲಿಗೆ ಬಂದಿದ್ದರು. ಒಳಗೆ ದೀಪ ಹಚ್ಚಿತ್ತು. “ಹೊರಗೆ ಹೋಗಿದ್ದಾರೆ, ಬೆಳಿಗ್ಗೆ ಬನ್ನಿ” ಎಂದಿದ್ದೆ. ನಿಮ್ಮಮ್ಮ ನನ್ನ ಮುಖವನ್ನೇ ನೋಡಿದಳು. ಅದು ಲಕ್ಷ್ಮಿ ಬರುವ ಹೊತ್ತು, ಆಗ ಅಂಥ ಮಾತು ಆಡಬಾರದೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೂ ಒಂದು ವರ್ಷ, ದೀಪ ಹಚ್ಚಿದ ಕೈಯಲ್ಲೇ ಫೋನು ಹಿಡಿದು ಜನರನ್ನು ಅದೇ ಮಾತು ಕೇಳಿದ್ದೇನೆ. ಒಂದು ದಿನವೂ ಹೊಳೆಯಲಿಲ್ಲ.

ಬಸ್ಸಿಗೆ ಕಾಯುತ್ತಾ ಟ್ಯಾಬು ತೆಗೆದು ಆ ಒಬ್ಬರದ್ದನ್ನು ಸರಿಮಾಡಿದೆ. ತೀರಿಕೊಂಡಿದ್ದಾರೆ. ತಾರೀಖನ್ನು ಅಂದಾಜಿನಲ್ಲಿ ಹಾಕಿದೆ. ಆಸ್ಪತ್ರೆಗೆ ಬಂದು, ಮನೆಗೆ ಬೀಗ ಹಾಕಿತ್ತು ಎಂದು ಹೇಳಿದೆ. ಒಂದು ಮನೆ ತಾನೇ ಎಂದು ನನಗೆ ನಾನೇ ಹೇಳಿಕೊಂಡೆ. ಮಕ್ಕಳೇ, ಇದನ್ನು ಬರೆಯಲು ಕಷ್ಟವಾಗುತ್ತಿದೆ, ಆದರೆ ಬರೆಯದೆ ಬಿಟ್ಟರೆ ಉಳಿದದ್ದಕ್ಕೆ ಅರ್ಥವಿಲ್ಲ. ಅದು ಒಂದೇ ಮನೆಯಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಕೆಲಸದಿಂದ ತೆಗೆದುಬಿಡುತ್ತಾರೆ ಎಂಬ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ, ಅಷ್ಟು ಜನರ ಮುಂದೆ ನಿಂತು ಹೇಳಬೇಕಲ್ಲ ಎಂಬ ಭಯ.

ಮಂಗಳವಾರ ಕಂಪ್ಯೂಟರ್ ಮೇಡಂ ಫೋನು ಮಾಡಿದರು. ಟ್ಯಾಬಿನಲ್ಲಿ ಏನು ಬದಲಾಯಿಸಿದರೂ ಅವರಿಗೆ ಕಾಣುತ್ತದೆಂದು ನನಗೆ ತಿಳಿದಿರಲಿಲ್ಲ.

“ಅಮ್ಮ, ಮುಳಬಾಗಿಲಿನ ಒಬ್ಬರದ್ದು ನಿನ್ನೆ ಬದಲಾಗಿದೆ. ಮೂರು ಸಲ ಇದ್ದಾರೆ ಅಂತಿತ್ತು, ಈಗ ಹೋದ ವರ್ಷವೇ ತೀರಿಕೊಂಡರು ಅಂತಿದೆ. ಬೆರಳು ತಪ್ಪಿ ಒತ್ತಿದ್ರಾ?”

ಹೌದು ಎಂದಿದ್ದರೆ ಅವರು ಹಳೆಯದನ್ನೇ ವಾಪಸು ಹಾಕುತ್ತಿದ್ದರು. ಅಲ್ಲಿಗೆ ಮುಗಿಯುತ್ತಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದ ಸುಗಟೂರಿನವಳು ಕಣ್ಣ ಮುಂದೆ ಬಂದಳು. ಅವಳ ಸಹಿಗೆ ಇನ್ನು ಎರಡು ದಿನವಿತ್ತು.

“ಇಲ್ಲ ಮೇಡಂ. ಮೊದಲು ಒತ್ತಿದ್ದೇ ತಪ್ಪು” ಎಂದೆ. ದೀಪದ ಹೊತ್ತಿನ ವಿಷಯ ಹೇಳಿದೆ. ಬೆಂಗಳೂರಿನಲ್ಲಿ ಬೆಳೆದವರು, ಅರ್ಥವಾಗುತ್ತದೋ ಇಲ್ಲವೋ ಎಂದುಕೊಂಡಿದ್ದೆ. ಅವರು ನಡುವೆ ತಡೆಯದೆ ಪೂರ್ತಿ ಕೇಳಿಸಿಕೊಂಡರು.

“ಅಂದ್ರೆ ಇನ್ನೂ ಬೇರೆ ಮನೆಯವರೂ ಹೀಗೆ ಹೇಳಿರಬಹುದಾ?”

“ಹೇಳಿರ್ತಾರೆ.”

“ಸಂಜೆ ಹೊತ್ತು ಎಷ್ಟು ಜನಕ್ಕೆ ಮಾಡಿದ್ರಿ?”

“ಎಲ್ಲರಿಗೂ.”

ಮೇಡಂ ಮೆಲ್ಲಗೆ ಹೇಳಿದರು. “ನಾಳೆ ಬೆಳಿಗ್ಗೆ ಬರ್ತೀನಿ. ಆದ್ರೆ ಡಾಕ್ಟ್ರಿಗೆ ನೀವೇ ಹೇಳಬೇಕಮ್ಮ. ನಾನು ಹೇಳಿದ್ರೆ ನಿಮ್ಮ ಮೇಲೆ ಚಾಡಿ ಹೇಳಿದ ಹಾಗಾಗುತ್ತೆ.”

ಬುಧವಾರ ಉದ್ದ ಮೇಜಿನ ಕೋಣೆಗೆ ಕರೆದರು. ದೊಡ್ಡ ಡಾಕ್ಟರು, ಇನ್ನಿಬ್ಬರು ಡಾಕ್ಟರು, ಮೇಡಂ. ಕೂರಿ ಎಂದರೂ ಕೂರಲಿಲ್ಲ. ಬಾಯಿ ತೆರೆದರೆ ಸ್ವರ ಬರುವುದಿಲ್ಲವೆಂದು ನನಗೆ ಗೊತ್ತಿತ್ತು, ಬರೆದುಕೊಂಡು ಹೋಗಿದ್ದೆ. ಆ ಚೀಟಿಯನ್ನೇ ಓದಿದೆ. ಸಂಜೆ ದೀಪ ಹಚ್ಚಿದಮೇಲೆ ನಮ್ಮ ಕಡೆ ಸಾವಿನ ಸುದ್ದಿ ಹೇಳುವುದಿಲ್ಲ. ನಾನು ಆ ಹೊತ್ತಿನಲ್ಲೇ ಎಲ್ಲರಿಗೂ ಫೋನು ಮಾಡಿದ್ದೇನೆ. ನಾನು ಬರೆದ ‘ಇದ್ದಾರೆ’ಗಳನ್ನು ನಂಬಬೇಡಿ. ಮುಳಬಾಗಿಲಿನ ಮನೆಗೆ ಬೀಗ ಹಾಕಿತ್ತು ಎಂದದ್ದು ಸುಳ್ಳು. ಇಷ್ಟೇ ಬರೆದಿದ್ದೆ.

ಒಬ್ಬ ಡಾಕ್ಟರು ಸಣ್ಣಗೆ ನಕ್ಕರು. “ದೀಪಕ್ಕೂ ಕ್ಯಾನ್ಸರಿಗೂ ಏನ್ರಿ ಸಂಬಂಧ?”

ಮೇಡಂ ಲ್ಯಾಪ್‌ಟಾಪು ತಿರುಗಿಸಿ ತೋರಿಸಿದರು. ಯಾವ ಉತ್ತರವನ್ನು ಎಷ್ಟು ಗಂಟೆಗೆ ಒತ್ತಿದೆ ಎಂಬುದು ಟ್ಯಾಬಿನಲ್ಲಿ ಉಳಿದಿರುತ್ತದಂತೆ. ನಾನು ನಡೆದುಹೋಗಿ ಕೇಳಿದವರನ್ನು ಒಂದು ಗೆರೆ, ಸಂಜೆ ಫೋನಿನಲ್ಲಿ ಕೇಳಿದವರನ್ನು ಇನ್ನೊಂದು ಗೆರೆ ಮಾಡಿದ್ದರು. ನಡೆದು ಕೇಳಿದವರ ಗೆರೆ ಮೆಟ್ಟಿಲಿಳಿದಿತ್ತು. ಫೋನಿನ ಗೆರೆ ಇಳಿದೇ ಇರಲಿಲ್ಲ. ನಕ್ಕವರು ಕುರ್ಚಿ ಮುಂದಕ್ಕೆಳೆದುಕೊಂಡು ನೋಡಿದರು.

“ಇನ್ನೊಂದಿದೆ ಸರ್” ಎಂದರು ಮೇಡಂ. “ಇವರು ಫೋನ್ ಶುರು ಮಾಡಿದ ಕಾಲದಲ್ಲೇ ನಾವು ಚೂರು ಕಳಿಸೋ ದ್ರಾವಣ ಬದಲಾಯಿಸಿದ್ವಿ. ಹಳೇದರಲ್ಲಿ ಆ ಕಾವಲು ಕೋಶಗಳು ಬೆಂಗಳೂರು ಸೇರೋ ಮೊದಲೇ ಸಾಯ್ತಿದ್ವು. ಹೊಸದರಲ್ಲಿ ಉಳ್ಕೊಳ್ತವೆ. ಹಾಗಾಗಿ ಆ ಕೋಶ ಹೆಚ್ಚು ಸಿಕ್ಕಿದ್ದೂ, ತಪ್ಪಾಗಿ ಇದ್ದಾರೆ ಅಂತ ಬಿದ್ದಿದ್ದೂ ಒಂದೇ ಜನರಿಗೆ. ಕೋಶ ಇದ್ದವರು ಸಾಯಲ್ಲ ಅಂತ ಕಂಪ್ಯೂಟರ್ ಕಲಿತುಬಿಡ್ತು. ದ್ರಾವಣದ ವ್ಯತ್ಯಾಸ ಸರಿದೂಗಿಸಿದೀನಿ ಅಂದ್ಕೊಂಡಿದ್ದೆ. ಅಲ್ಲಿ ನಂದೂ ತಪ್ಪಿದೆ.”

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಳಿಯದ ಗೆರೆಯ ಮೇಲೆ ಕೊನೆಯವರೆಗೂ ಬೆರಳಾಡಿಸಿದರು. ಅವರ ಆಸೆ ಎಷ್ಟು ದೊಡ್ಡದಿತ್ತೆಂದು ನನಗೆ ಅವತ್ತು ತಿಳಿಯಿತು.

“ನಾಳೆ ಸುಗಟೂರಿನ ಹೆಂಗಸು ಬರುತ್ತಲ್ಲ, ಸಹಿ ಬೇಡ. ಎಲ್ಲರ ಹಾಗೆ ಆರು ವಾರ ಪೂರ್ತಿ ಕರೆಂಟು. ನಾನೇ ಹೇಳ್ತೀನಿ” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ನಾಳೆಯಿಂದ ಬರಬೇಡಿ ಎನ್ನುತ್ತಾರೆ ಎಂದು ನಾನು ಚೀಟಿ ಮಡಿಸುತ್ತಿದ್ದೆ. “ಎಲ್ಲಾ ಮನೆಗೂ ಇನ್ನೊಂದು ಸಲ ಹೋಗಿ ಬರೋಕೆ ನಿಮಗೆಷ್ಟು ದಿನ ಬೇಕಮ್ಮ?”

“ಮೂರು ತಿಂಗಳು ಸಾರ್.”

“ಹೋಗಿ ಬನ್ನಿ. ಈ ಸಲ ಯಾರೂ ನಿಮಗೆ ಬೇಗ ಮುಗಿಸಿ ಅನ್ನಲ್ಲ.”

ಗುರುವಾರ ಡಾಕ್ಟರು ಹೇಳಿದಮೇಲೆ ಸುಗಟೂರಿನವಳು ನೇರವಾಗಿ ನನ್ನ ಹತ್ತಿರ ಬಂದಳು. “ನೋಡಿದೀನಿ ಅಂದ್ಯಲ್ಲಕ್ಕ.”

“ನೋಡಿರ್ಲಿಲ್ಲಮ್ಮ. ಫೋನಲ್ಲಿ ಕೇಳಿದ್ದೆ ಅಷ್ಟೇ.”

“ನನ್ ಹುಳದ ಗತಿ ಏನೀಗ? ನಿನ್ನ ಬಾಯಿ ಹುಣ್ಣಾಗ.” ಬೆನ್ನು ತಿರುಗಿಸಿ ಹೊರಟುಹೋದಳು.

ಮಾರನೆಯ ದಿನದಿಂದ ನಾನು ಹೊರಟೆ. ಮೇಡಂ ನಿಯಮ ಮಾಡಿಕೊಟ್ಟಿದ್ದರು. ಮುಂಚೆ ಫೋನು ಮಾಡಬಾರದು. ಬೆಳಿಗ್ಗೆ ಹೋಗಬೇಕು. ರೋಗಿಯನ್ನು ಕಣ್ಣಾರೆ ನೋಡಿದರೆ ಮಾತ್ರ ಇದ್ದಾರೆ. ತೀರಿಕೊಂಡಿದ್ದರೆ ಪಂಚಾಯಿತಿಯ ಮರಣಪತ್ರ ನೋಡಬೇಕು, ಅದಿಲ್ಲದಿದ್ದರೆ ಇಬ್ಬರನ್ನು ಬೇರೆಬೇರೆಯಾಗಿ ಕೇಳಿ ತಾರೀಖು ಹೊಂದಿಸಬೇಕು. ಹೊಂದಿಸುವುದೇ ಕಷ್ಟವಾಯಿತು. ನಮ್ಮ ಜನಕ್ಕೆ ತಾರೀಖು ನೆನಪಿರುವುದಿಲ್ಲ, ಬೇರೆಲ್ಲ ನೆನಪಿರುತ್ತದೆ. ಮೂರನೇ ದಿನ ಸಮಾಧಿಗೆ ಹಾಲುತುಪ್ಪ ಬಿಟ್ಟಿದ್ದು ಮಂಗಳವಾರ, ಅಂದರೆ ಹೋದದ್ದು ಅದಕ್ಕೆ ಎರಡು ದಿನ ಹಿಂದೆ. ಶ್ರೀನಿವಾಸಪುರದ ಹತ್ತಿರ ಒಬ್ಬ ಮಗ, ಮಂಡಿಗೆ ತೋತಾಪುರಿ ಮಾವಿನ ಲೋಡು ಬರಲು ಶುರುವಾದ ವಾರ ಎಂದ. ಅವನ ತಂಗಿ, ಮಗುವಿಗೆ ಇಂಜೆಕ್ಷನ್ ಹಾಕಿಸಿದ ಮಾರನೇ ದಿನ ಎಂದಳು. ಮಗುವಿನ ಲಸಿಕೆ ಕಾರ್ಡು ತರಿಸಿ ನೋಡಿದರೆ ಇಬ್ಬರದ್ದೂ ಒಂದೇ ವಾರಕ್ಕೆ ಬಂತು.

ಇದ್ದವರೂ ಇದ್ದರು. ಮಾಲೂರಿನ ಕಡೆ ಒಬ್ಬ ಮುದುಕರು ಬಾಗಿಲಲ್ಲೇ ಬೀಡಿಯಿಲ್ಲದ ಬಾಯಿ ಚಪ್ಪರಿಸುತ್ತಾ ಕೂತಿದ್ದರು.

“ಏನಮ್ಮಾ, ಬದುಕಿದೀನಾ ಅಂತ ನೋಡಕ್ ಬಂದ್ಯಾ?”

“ಹೌದು ತಾತ.”

“ನೋಡ್ಕೊಂಡ್ಯಾ? ಬರ್ಕೋ ಬರ್ಕೋ. ನಾಳೆ ಬಂದ್ರೆ ಗ್ಯಾರಂಟಿ ಇಲ್ಲ.”

ಒಳಗಿಂದ ಅಜ್ಜಿ, “ಬರ್ದಿದ್ದಕ್ಕೆ ಚೀಟಿ ಕೊಡಮ್ಮ, ನನಗೂ ಒಂದೊಂದು ಸಲ ಅನುಮಾನ ಬರುತ್ತೆ” ಎಂದರು. ಆ ದಿನ ದಾರಿಯುದ್ದಕ್ಕೂ ನಗು ಬರುತ್ತಿತ್ತು.

ಉಳಿದ ದಿನಗಳು ಹಾಗಿರಲಿಲ್ಲ. ಎಷ್ಟು ಮನೆಯಲ್ಲಿ ಉತ್ತರ ಬದಲಾಯಿತು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ಕಾಲು ಭಾರವಾಗುವಷ್ಟು ಇದ್ದವು. ಯಾರೂ ನನ್ನನ್ನು ಬೈಯಲಿಲ್ಲ. ಸುಳ್ಳು ಹೇಳಿದೆವಲ್ಲ ಎಂದು ಅವರೇ ನಾಚಿಕೊಂಡರು. ತಪ್ಪು ನಿಮ್ಮದಲ್ಲ, ನಾನು ಕೇಳಿದ ಹೊತ್ತಿನದು ಎಂದು ಪ್ರತಿ ಮನೆಯಲ್ಲೂ ಹೇಳಿದೆ. ಹೇಳಿ ಹೇಳಿ, ಹೊಸಬರ ಮುಂದೆ ಮಾತಾಡುವುದು ನನಗೆ ಸ್ವಲ್ಪ ಅಭ್ಯಾಸವಾಯಿತು. ಕೆಲವರು ಕಡೆಯ ದಿನಗಳನ್ನು ಪೂರ್ತಿಯಾಗಿ ಹೇಳಿ ಅತ್ತರು. ಟ್ಯಾಬಿನಲ್ಲಿ ಅದಕ್ಕೆ ಜಾಗವಿಲ್ಲ. ಸುಮ್ಮನೆ ಕೂತು ಕೇಳಿಸಿಕೊಂಡು ಮುಂದಿನ ಬಸ್ಸಿಗೆ ಬರುತ್ತಿದ್ದೆ.

ಮೂರು ತಿಂಗಳೆಂದದ್ದು ನಾಲ್ಕಾಯಿತು. ಹೊಸ ಪಟ್ಟಿಯಿಟ್ಟುಕೊಂಡು ಮೇಡಂ ಕಂಪ್ಯೂಟರಿಗೆ ಮೊದಲಿನಿಂದ ಕಲಿಸಿದರು. ಕೆಲವು ರೋಗಿಗಳನ್ನು ಅದಕ್ಕೆ ತೋರಿಸದೆ ಬಚ್ಚಿಟ್ಟು, ಕಲಿತಮೇಲೆ ಅವರ ವಿಷಯ ಕೇಳಿ ಪರೀಕ್ಷೆ ಮಾಡಿದರು. ನಿಂತಿದ್ದ ಗೆರೆ ಈಗ ಮೆಟ್ಟಿಲಿಳಿಯಿತು. ಆ ಕಾವಲು ಕೋಶಗಳ ಲೆಕ್ಕದಿಂದ ಏನೂ ಹೇಳಲಾಗುವುದಿಲ್ಲ ಎಂದು ಗೊತ್ತಾಯಿತು. ಬೇರೆ ಕೆಲವು ಕೋಶಗಳ ವಿಷಯ ಸ್ವಲ್ಪ ಉಳಿಯಿತು. “ಅಂದಾಜು ಮೊದಲಿನಷ್ಟು ಜೋರಾಗಿಲ್ಲಮ್ಮ. ಆದ್ರೆ ಈಗ ಅದು ಎಲ್ಲಿ ಗೊತ್ತಿಲ್ಲವೋ ಅಲ್ಲಿ ಗೊತ್ತಿಲ್ಲ ಅನ್ನುತ್ತೆ” ಎಂದರು. ಸುಗಟೂರಿನವಳ ವಿಷಯ ಏನು ಹೇಳುತ್ತದೆ ಎಂದು ಕೇಳಿದೆ. “ಕಡಿಮೆ ಅಪಾಯ ಅಂತ ಹೇಳಲ್ಲ. ಮಧ್ಯದಲ್ಲಿ ಇಟ್ಟಿದೆ.”

ಅವಳು ಆರು ವಾರವೂ ಬಂದಿದ್ದಳು. ಬೆಳಗಿನ ಬಸ್ಸಿಗೆ ಬಂದು ಸರದಿಗೆ ಕೂರುವಳು, ಹಳ್ಳಿಗೆ ಹೊರಡುವ ಮುಂಚೆ ನಾನು ಹತ್ತಿರ ಹೋದರೆ ಮುಖ ತಿರುಗಿಸುವಳು. ಐದನೇ ವಾರ ಬಾಯೆಲ್ಲ ಹುಣ್ಣಾಗಿ ರಾಗಿ ಅಂಬಲಿಯನ್ನೂ ನುಂಗಲಾರದೆ ಸೋತಿದ್ದಳು. ನಾನು ಫ್ಲಾಸ್ಕಿನಲ್ಲಿ ಗಂಜಿ ತಿಳಿ ತಂದು ಪಕ್ಕದಲ್ಲಿಟ್ಟು ಬರುತ್ತಿದ್ದೆ. ಸಂಜೆ ಖಾಲಿ ಫ್ಲಾಸ್ಕು ನನ್ನ ಮೇಜಿನ ಮೇಲಿರುತ್ತಿತ್ತು. ಆ ಸಲದ ಹುಳದ ಬೆಳೆ ಹಾಳಾಯಿತೆಂದು ಅವಳ ಗಂಡ ಹೇಳಿದರು.

ಈಗ ಅದೆಲ್ಲ ಕಳೆದು ವರ್ಷ ದಾಟಿದೆ. ಹೋದ ವಾರ ಅವಳ ಸರದಿ ಮತ್ತೆ ಬಂತು, ಸುಗಟೂರಿಗೆ ಹೋದೆ. ಹಿಂದಿನ ಸಲಗಳಲ್ಲಿ ಅವಳು ಆಸ್ಪತ್ರೆಗೆ ಬಂದಾಗಲೇ ದೂರದಿಂದ ನೋಡಿ ಬರೆದುಕೊಂಡಿದ್ದೆ. ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದಳು. ಮೈ ಸ್ವಲ್ಪ ತುಂಬಿಕೊಂಡಿದ್ದಾಳೆ. ಬಾಯಿ ಪೂರ್ತಿ ತೆರೆಯುವುದಿಲ್ಲ, ಉಗುಳು ಬರುವುದಿಲ್ಲ, ಪಕ್ಕದಲ್ಲಿ ನೀರಿನ ಬಾಟಲಿ ಇರಲೇಬೇಕು. “ಬಂದ್ಯಾ? ಚಪ್ಪಲಿ ಹೊರಗೆ ಬಿಡು, ಹುಳಕ್ಕೆ ಆಗಲ್ಲ” ಎಂದಳು. ವರ್ಷದ ಮೇಲೆ ನನಗೆ ಅವಳಾಡಿದ ಮೊದಲ ಮಾತು ಅದು. ಸೊಪ್ಪಿನ ಬುಟ್ಟಿಯ ಒಂದು ಕಡೆ ನಾನು ಹಿಡಿದುಕೊಂಡೆ. ಇಬ್ಬರೂ ಸೇರಿ ಎಲ್ಲಾ ತಟ್ಟೆಗೂ ಹಾಕಿ ಮುಗಿಸಿದೆವು. ಹೊರಡುವಾಗ ಕೇಳಿದಳು.

“ಅಕ್ಕ, ಆ ಕರೆಂಟು ಕೊಡಿಸ್ದೆ ಇದ್ದಿದ್ರೂ ನಾನು ಇರ್ತಿದ್ನಾ?”

“ಗೊತ್ತಿಲ್ಲ ಕಣಮ್ಮ. ಯಾರಿಗೂ ಗೊತ್ತಿಲ್ಲ.”

ತಲೆಯಾಡಿಸಿದಳು. ಆ ಉತ್ತರ ಅವಳಿಗೆ ಸಾಕಾದ ಹಾಗೆ ಕಂಡಿತು. ನಾನು ಅವಳೆದುರೇ ಟ್ಯಾಬು ತೆಗೆದು ಇದ್ದಾರೆ ಎಂದು ಒತ್ತಿದೆ, ತಾರೀಖು ಹಾಕಿದೆ.

ಮೇಡಂ ಈಗ ಇದರ ಬಗ್ಗೆ ಲೇಖನ ಬರೆದಿದ್ದಾರೆ. ಅದರಲ್ಲಿ ನಾನಿರುವ ಜಾಗವನ್ನು ತೋರಿಸಿ ಓದಿ ಹೇಳಿದರು. ‘ರೋಗಿಗಳ ಸ್ಥಿತಿಯನ್ನು ಮನೆಭೇಟಿಯ ಮೂಲಕ ಮರುಪರಿಶೀಲಿಸಲಾಯಿತು’ ಎಂಬ ಒಂದು ಸಾಲು. ಅದು ಸರಿಯಾಗಿಯೇ ಇದೆ, ಅಂಥ ಲೇಖನದಲ್ಲಿ ಅದಕ್ಕಿಂತ ಹೆಚ್ಚಿಗೆ ಹಿಡಿಸುವುದಿಲ್ಲ. ಯಾಕೆ ಮತ್ತೆ ಹೋಗಬೇಕಾಯಿತು, ಹೋದಾಗ ಯಾವ ಮನೆಯಲ್ಲಿ ಯಾರು ಏನು ಹೇಳಿದರು ಎಂಬುದು ಇಲ್ಲಿ ಬಿಟ್ಟರೆ ಬೇರೆಲ್ಲೂ ಬರೆದಿಲ್ಲ. ಯಾರ ಹೆಸರನ್ನೂ ಹಾಕಿಲ್ಲ, ಅವರ ಮನೆಯ ವಿಷಯ ಅವರದು. ನೀವಿಬ್ಬರೂ ಮುಂದೆ ಯಾವ ಕೆಲಸಕ್ಕೆ ಹೋಗುತ್ತೀರೋ ನನಗೆ ತಿಳಿಯದು. ಈ ಹಾಳೆಗಳನ್ನು ಮಾತ್ರ ಗೆದ್ದಲು ಹತ್ತದ ಕಡೆ, ಒದ್ದೆಯಾಗದ ಹಾಗೆ ಇಟ್ಟುಕೊಂಡಿರಿ. ನಾನು ಮಾಡಿದ ತಪ್ಪು ಆಸ್ಪತ್ರೆಯ ಪಟ್ಟಿಯಲ್ಲಿ ಈಗ ಕಾಣುವುದಿಲ್ಲ, ಇವುಗಳಲ್ಲಿ ಮಾತ್ರ ಇದೆ.